ಒಂದು ಸರ, ನಾಲ್ಕು ಬಣ್ಣ, ಹನ್ನೊಂದು ವಾರ

ನಿನ್ನೆ ರಾತ್ರಿ ಕೊನೆಯ ಗಂಟು ಹಾಕಿ, ತುದಿಗೆ ಒಂದು ಹನಿ ಅಂಟು ಮುಟ್ಟಿಸಿ, ಕತ್ತರಿ ಕೆಳಗಿಟ್ಟೆ. ಐದು ಎಳೆಯ ಮಣಿಸರ. ಪೋಣಿಸುವ ಕೆಲಸ ನೋಡಿದರೆ ನಾಲ್ಕು ಸಂಜೆಯದ್ದು. ಉಳಿದ ಸಮಯವೆಲ್ಲ ಯಾವ ಬಣ್ಣದ ಪಕ್ಕ ಯಾವ ಬಣ್ಣ ಅನ್ನುವುದರಲ್ಲೇ ಹೋಯಿತು. ಕೈಕೆಲಸದ ಒಡವೆ ಮಾಡಲು ಹೊರಟವರು ಒಂದಲ್ಲ ಒಂದು ದಿನ ಈ ಗೊಂದಲಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ.

ಶುರುವಾಗಿದ್ದು ಗೆಳತಿಯ ಒಂದು ಮಾತಿನಿಂದ. "ನನಗೊಂದು ಸರ ಮಾಡಿಕೊಡು. ಬಣ್ಣ ನಿನ್ನಿಷ್ಟ."

ಇದಕ್ಕಿಂತ ಕಷ್ಟದ ಆರ್ಡರ್ ಇನ್ನೊಂದಿಲ್ಲ. "ನೀಲಿ ಇರಲಿ" ಅಂದಿದ್ದರೂ ಸಾಕಿತ್ತು. ನಾನಾದರೂ ತಿರುಗಿ ಒಂದು ಪ್ರಶ್ನೆ ಕೇಳಬೇಕಿತ್ತು: ಯಾವ ಬಣ್ಣದ ಬಟ್ಟೆ ಮೇಲೆ ಹಾಕಿಕೊಳ್ಳುತ್ತೀಯ? ಅದನ್ನು ಕೇಳಲು ನೆನಪಾಗಿದ್ದು ಒಂಬತ್ತನೇ ವಾರದಲ್ಲಿ. ನೀವು ಮೊದಲ ದಿನವೇ ಕೇಳಿ.

ಮೊದಲ ವಾರ ಬಣ್ಣದ ಚಕ್ರ ಹಿಡಿದು ಕೂತೆ. ಬಣ್ಣಗಳನ್ನು ವೃತ್ತವಾಗಿ ಜೋಡಿಸಿ ನ್ಯೂಟನ್ 1704ರಲ್ಲೇ ಅಚ್ಚು ಹಾಕಿಸಿದ್ದ. ಮುನ್ನೂರು ವರ್ಷದಿಂದ ಎಲ್ಲರಿಗೂ ದಾರಿ ತೋರಿಸಿದ್ದು ನನಗೂ ತೋರಿಸೀತು ಅಂದುಕೊಂಡೆ. ಎದುರುಬದುರಿನ ಬಣ್ಣಗಳು ಒಂದನ್ನೊಂದು ಎತ್ತಿ ಹಿಡಿಯುತ್ತವೆ ಅನ್ನುವುದು ಸೂತ್ರ. ಸರಿ, ನೀಲಿಗೆ ಎದುರು ಯಾವುದು? ಒಂದು ಚಕ್ರ ಕಿತ್ತಳೆ ಅಂತು. ಇನ್ನೊಂದು ಹಳದಿ ಅಂತು. ಒಂದರಲ್ಲಿ ಕೆಂಪಿಗೆ ಹಸಿರು ಜೋಡಿ, ಇನ್ನೊಂದರಲ್ಲಿ ಸಯಾನ್, ಅಂದರೆ ಹಸಿರು ಬೆರೆತ ತಿಳಿನೀಲಿ. ಎರಡು ದಿನ ತಲೆ ಕೆಟ್ಟು ಹೋಯಿತು. ಆಮೇಲೆ ತಿಳಿಯಿತು, ಒಂದು ಚಿತ್ರಕಾರರ ಚಕ್ರ, ಕೆಂಪು-ಹಳದಿ-ನೀಲಿಯದ್ದು. ಇನ್ನೊಂದು ಪರದೆಯ ಬೆಳಕಿನ ಚಕ್ರ, ಕೆಂಪು-ಹಸಿರು-ನೀಲಿಯದ್ದು. ಎರಡೂ ಸರಿಯೇ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಕಲಸಬೇಡಿ.

ನಾನು ಚಿತ್ರಕಾರರ ಚಕ್ರ ಹಿಡಿದೆ. ಕಡು ನೀಲಿ ಒಂದು, ಕಡು ಕಿತ್ತಳೆ ಒಂದು, ಒಂದು ಬಿಟ್ಟು ಒಂದು ಅಂತ ಬೆರಳುದ್ದ ಪೋಣಿಸಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡೂ ಅಷ್ಟೇ ಜೋರು, ಎರಡೂ ಅಷ್ಟೇ ಪ್ರಮಾಣ. ಕಣ್ಣಿಗೆ ಕೂರಲು ಜಾಗವೇ ಇರಲಿಲ್ಲ.

ಚಕ್ರ ಬದಿಗಿಟ್ಟು ಚಿತ್ರ ಕೂಡಿಹಾಕತೊಡಗಿದೆ. ಸೂರ್ಯಾಸ್ತ, ಕಲ್ಲು, ಹವಳದ ದಿಬ್ಬ, ತುಕ್ಕು ಹಿಡಿದ ಬಾಗಿಲು, ಪಾಚಿ ಕಟ್ಟಿದ ಗೋಡೆ. ಎರಡು ವಾರದಲ್ಲಿ ಮುನ್ನೂರಕ್ಕೂ ಹೆಚ್ಚು. ಕೆಲಸ ಮಾಡುತ್ತಿದ್ದೇನೆ ಅನ್ನುವ ಭ್ರಮೆ ಬರುತ್ತದೆ ನೋಡಿ, ಅದೇ ಇದರ ಅಪಾಯ. ಮಣಿ ಮುಟ್ಟಿಯೇ ಇರಲಿಲ್ಲ.

ಈ ಅಲೆದಾಟದಲ್ಲಿ ಒಂದು ಲಾಭವಾಯಿತು. ದೊಡ್ಡ ಮ್ಯೂಸಿಯಂಗಳು ತಮ್ಮ ಸಂಗ್ರಹದ ಚಿತ್ರಗಳನ್ನು ಉಚಿತವಾಗಿ ತೆರೆದಿಟ್ಟಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಕೊಟ್ಟಿದೆ. ಹಾಗೆ ಹಳೆಯ ಒಡವೆ ನೋಡುತ್ತಾ ಹೋಗಿ ಊರ್ ನಗರದ ಸಮಾಧಿಗಳ ಮುಂದೆ ನಿಂತೆ. ಈಗಿನ ಇರಾಕಿನ ಜಾಗ ಅದು. ಪುರಾತತ್ವಜ್ಞ ಲಿಯೊನಾರ್ಡ್ ವುಲಿ 1920ರ ದಶಕದಲ್ಲಿ ಅಗೆದು ತೆಗೆದ, ಸುಮಾರು 4500 ವರ್ಷ ಹಳೆಯ ಸರಗಳು. ಬಂಗಾರ, ಕಡು ನೀಲಿಯ ಲ್ಯಾಪಿಸ್ ಲಾಜುಲಿ ಕಲ್ಲು, ಕಾವಿಗೆಂಪಿನ ಕಾರ್ನೀಲಿಯನ್ ಕಲ್ಲು. ಮತ್ತೆ ಮತ್ತೆ ಅವೇ ಮೂರು. ನೀಲಿ, ಕೇಸರಿಗೆಂಪು! ನನ್ನ ಹಾಳಾದ ಬೆರಳುದ್ದದ ಜೋಡಿಯೇ ಹೆಚ್ಚುಕಡಿಮೆ. ಆದರೆ ಅಲ್ಲಿ ಜಗಳವಿಲ್ಲ. ನೀಲಿ ಬಹಳ ಕಪ್ಪಾದದ್ದು, ಕೆಂಪು ಬೆಳಕು ಒಳಗೆ ಬಿಟ್ಟುಕೊಳ್ಳುವಂಥದ್ದು, ನಡುವೆ ಬಂಗಾರ. ಜೋಡಿ ತಪ್ಪಿರಲಿಲ್ಲ, ನನ್ನ ಅಳತೆ ತಪ್ಪಿತ್ತು ಅನ್ನುವ ಅನುಮಾನ ಮೊದಲು ಬಂದಿದ್ದು ಇಲ್ಲಿ. ಅನುಮಾನ ಅಷ್ಟೇ. ಪಾಠ ಇನ್ನೂ ಆಗಿರಲಿಲ್ಲ.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಕಿಟಕಿಯಾಚೆ ತಂತಿಯ ಮೇಲೆ ಮಿಂಚುಳ್ಳಿ ಕೂತಿತ್ತು. ಬಿಳಿಗೊರಳಿನದ್ದು. ತಲೆ ಮತ್ತು ಹೊಟ್ಟೆ ಗಾಢ ಕಂದು, ಕೊರಳಿಂದ ಎದೆವರೆಗೆ ಬಿಳಿ, ಬೆನ್ನು ನೀಲಿ, ಕೊಕ್ಕು ಕೆಂಪು. ಮುನ್ನೂರು ಚಿತ್ರ ಮಾಡದ ಕೆಲಸ ಅದು ಅರ್ಧ ನಿಮಿಷದಲ್ಲಿ ಮಾಡಿತು. ಫೋನಿನಲ್ಲಿ ಒಂದು ಮಸುಕು ಫೋಟೋ ಸಿಕ್ಕಿತು. ಸಾಕು.

ಫೋಟೋದಿಂದ ಬಣ್ಣ ಹೆಕ್ಕಿಕೊಡುವ ಆಪ್‌ಗಳಿವೆಯಲ್ಲ, ಒಂದಕ್ಕೆ ಹಾಕಿದೆ. ಐದು ಚೌಕ ಬಂತು. ಮೂರು ಬೂದು, ಒಂದು ಕಂದು, ಒಂದು ಮಂಕು ನೀಲಿ. ಕೆಂಪೇ ಇಲ್ಲ! ಕೊಕ್ಕು ಚಿಕ್ಕದು, ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಿಂದಿನ ಆಕಾಶ ದೊಡ್ಡದು, ಮೂರು ಚೌಕ ಅದೇ ತಿಂದಿತ್ತು. ಇನ್ನೊಂದು ತೊಂದರೆ, ಐದೂ ಚೌಕ ಒಂದೇ ಅಳತೆಯವು. ಯಾವುದು ಎಷ್ಟು ಅನ್ನುವುದೇ ಮಾಯ. ಆಪ್ ಬಳಸುವುದಾದರೆ ಮೊದಲು ಬೇಕಾದಷ್ಟೇ ಭಾಗ ಕತ್ತರಿಸಿ ಹಾಕಿ. ನಾನು ಬಿಟ್ಟೇಬಿಟ್ಟೆ.

ಕಣ್ಣಳತೆಯಲ್ಲೇ ನಾಲ್ಕು ಬಣ್ಣ ಆರಿಸಿ ಮಣಿ ತರಿಸಿದೆ. 11/0 ಅಳತೆಯವು, ಸುಮಾರು ಎರಡು ಮಿಲಿಮೀಟರ್ ದಪ್ಪದ ಗಾಜಿನ ಸೀಡ್ ಬೀಡ್ಸ್. ಬರಲು ಹನ್ನೆರಡು ದಿನ. ಬಂದ ಸಂಜೆಯೇ ಹತ್ತು ಕಂದು, ಹತ್ತು ನೀಲಿ, ಹತ್ತು ಬಿಳಿ, ಹತ್ತು ಕೆಂಪು ಅಂತ ಪೋಣಿಸಿದೆ. ನೋಡಿದರೆ ಸರ್ಕಸ್ ಡೇರೆ. ಹಕ್ಕಿ ಎಲ್ಲೂ ಇರಲಿಲ್ಲ.

ಅಳುವುದೊಂದು ಬಾಕಿ. ಅದೇ ನಾಲ್ಕು ಬಣ್ಣ, ತಂತಿಯ ಮೇಲೆ ಅಷ್ಟು ಚಂದ, ಇಲ್ಲಿ ಯಾಕೆ ಹೀಗೆ? ಫೋಟೋ ಮತ್ತೆ ತೆಗೆದೆ. ಹಕ್ಕಿಯ ಸುತ್ತ ಕತ್ತರಿಸಿ, ಪ್ರಿಂಟ್ ತೆಗೆದು, ಅದರ ಮೇಲೆ ಪೆನ್ಸಿಲಿನಲ್ಲಿ ನೂರು ಚೌಕ ಎಳೆದು ಎಣಿಸಿದೆ. ಕಂದು 52. ನೀಲಿ 33. ಬಿಳಿ 12. ಕೆಂಪು 3.

ಮೂರು! ನಾನು ನೂರಕ್ಕೆ ಇಪ್ಪತ್ತೈದು ಹಾಕಿದ್ದೆ.

ಆ ಕಾಗದವನ್ನು ಈಗಲೂ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ನನ್ನ ಪ್ರಕಾರ ಈ ಹನ್ನೊಂದು ವಾರದಲ್ಲಿ ಕಲಿತದ್ದೆಲ್ಲ ಅದರಲ್ಲೇ ಇದೆ. ಹೂವಿಂದಲೋ ಹಕ್ಕಿಯಿಂದಲೋ ಹಳೆ ಬಾಗಿಲಿಂದಲೋ ನಾವು ಬಣ್ಣದ ಹೆಸರು ಮಾತ್ರ ಎತ್ತಿಕೊಂಡು ಬರುತ್ತೇವೆ. ಎಷ್ಟೆಷ್ಟು ಅನ್ನುವುದನ್ನು ಅಲ್ಲೇ ಬಿಟ್ಟು ಬರುತ್ತೇವೆ. ಚಂದ ಇರುವುದು ಆ ಎಷ್ಟೆಷ್ಟರಲ್ಲಿ.

ಲೆಕ್ಕ ಮಾಡುವುದು ಸುಲಭ. 11/0 ಮಣಿ ಇಂಚಿಗೆ 18ರಷ್ಟು ಕೂರುತ್ತವೆ. 18 ಇಂಚಿನ ಎಳೆಗೆ ಸುಮಾರು 330. ಐದು ಎಳೆಗೆ 1650. ಅದರಲ್ಲಿ ಕಂದು 860ರ ಹತ್ತಿರ, ನೀಲಿ 545, ಬಿಳಿ 200, ಕೆಂಪು 50. ಗ್ರಾಂಗೆ 110 ಮಣಿ ಅಂತ ಇಟ್ಟುಕೊಂಡರೆ ಇಡೀ ಸರಕ್ಕೆ ಬೇಕಾಗಿದ್ದು ಹದಿನೈದು ಗ್ರಾಂ. ಕೆಂಪು ಅರ್ಧ ಗ್ರಾಂ ಕೂಡ ಬೇಡ! ನಾನು ನಾಲ್ಕನ್ನೂ ಒಂದೇ ಸಮ ತರಿಸಿಕೊಂಡಿದ್ದೆ. ಮೊದಲು ಎಣಿಸಿ, ಆಮೇಲೆ ಕೊಳ್ಳಿ.

ಪ್ರಮಾಣ ಸರಿಹೋಯಿತು, ಆದರೂ ನೀಲಿ ಸತ್ತ ಹಾಗಿತ್ತು. ಅದು ಒಪೇಕ್ ನೀಲಿ, ಬೆಳಕು ಒಳಗೆ ಹೋಗದಂಥದ್ದು. ಶೇಡ್ ಹಕ್ಕಿಯದ್ದೇ, ಜೀವ ಮಾತ್ರ ಇಲ್ಲ. ಓದಿದಾಗ ಕಾರಣ ಸಿಕ್ಕಿತು. ಮಿಂಚುಳ್ಳಿಯ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗಿನ ಸ್ಪಂಜಿನಂಥ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಆ ನೀಲಿ. ಅಂಥದ್ದನ್ನು ಗೋಡೆ ಬಣ್ಣದಂಥ ಮಣಿಯಲ್ಲಿ ಹಿಡಿಯಲು ಹೊರಟಿದ್ದೆ.

ಮತ್ತೆ ಆರ್ಡರ್, ಮತ್ತೆ ಕಾಯುವುದು. ಈ ಸಲ ಒಂದೇ ನೀಲಿ ನಾಲ್ಕು ಫಿನಿಶ್‌ನಲ್ಲಿ. ಬಂದ ಮೇಲೆ ಕಿಟಕಿ ಹತ್ತಿರ ಸಾಲಾಗಿ ಇಟ್ಟು ನೋಡಿದೆ. ಮ್ಯಾಟ್ ನೀಲಿ ಉಜ್ಜಿದ ಸ್ಲೇಟಿನ ಹಾಗೆ, ಬೆಳಕನ್ನು ನುಂಗಿ ಸುಮ್ನೆ ಕೂತಿತ್ತು. ಬರೀ ಪಾರದರ್ಶಕದ್ದು ನೀರಿನ ಹನಿ; ಒಂಟಿಯಾಗಿದ್ದಾಗ ಚಂದ, ಸಾಲಲ್ಲಿ ಅರ್ಧ ಕಾಣೆ. ಎಬಿ ಲೇಪದ್ದು ತಿರುಗಿಸಿದಂತೆಲ್ಲ ನೇರಳೆ, ಹಸಿರು, ಗುಲಾಬಿ ಚಿಮ್ಮಿಸುತ್ತಿತ್ತು. ಈ ಅರೋರಾ ಬೋರಿಯಾಲಿಸ್ ಲೇಪವನ್ನು ಹರಳು ತಯಾರಿಸುವ ಸ್ವರೋವ್‌ಸ್ಕಿಯವರು ಫ್ಯಾಷನ್ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಜೊತೆ ಸೇರಿ 1956ರಲ್ಲಿ ತಂದದ್ದು. ನನಗೇನೋ ಅದು ಎಲ್ಲ ಬಣ್ಣವನ್ನೂ ಒಂದೇ ಥರ ಮಾಡಿಬಿಡುತ್ತದೆ ಅನಿಸುತ್ತದೆ. ನಾಲ್ಕನೆಯದು ಸಿಲ್ವರ್ ಲೈನ್ಡ್, ತೂತಿನ ಒಳಗೆ ಬೆಳ್ಳಿ ಬಳಿದದ್ದು. ತಲೆ ಸ್ವಲ್ಪ ಅಲ್ಲಾಡಿಸಿದರೆ ಸಾಕು, ಒಂದೊಂದೇ ಮಣಿ ಹತ್ತಿಕೊಂಡು ಆರುತ್ತಿತ್ತು. ಹಕ್ಕಿ ತಂತಿಯಿಂದ ಹಾರಿದಾಗ ಬೆನ್ನು ಹಾಗೆಯೇ ಮಿಂಚಿತ್ತು. ಮುಕ್ಕಾಲು ಪಾಲು ಇದನ್ನು, ಕಾಲು ಪಾಲು ಪಾರದರ್ಶಕದ್ದನ್ನು ಬೆರೆಸಿದೆ. ಬರೀ ಸಿಲ್ವರ್ ಲೈನ್ಡ್ ಹಾಕಿದರೆ ಮಿನುಗು ಜಾಸ್ತಿಯಾಗುತ್ತಿತ್ತು.

ಪಾರದರ್ಶಕ ಮಣಿ ಬಳಸುವವರಿಗೆ ಒಂದು ಮಾತು. ದಾರದ ಬಣ್ಣ ಒಳಗಿಂದ ಕಾಣುತ್ತದೆ. ಬಿಳಿ ದಾರದಲ್ಲಿ ನನ್ನ ನೀಲಿ ತೊಳೆದು ಹೋದ ಹಾಗಾಯಿತು, ಕಪ್ಪು ದಾರದಲ್ಲಿ ಕೆಸರಾಯಿತು. ಬೂದು ದಾರ ಸರಿಹೋಯಿತು. ದಾರವೂ ಒಂದು ಬಣ್ಣವೇ.

ಎಂಟನೇ ವಾರ ನನ್ನ ಮಾನ ಹೋದ ವಾರ. ಕಂದು ಸಾಲದು ಅಂತ ಇನ್ನೊಂದು ಟ್ಯೂಬ್ ತರಿಸಿದ್ದೆ. ಅದೇ ಬಣ್ಣದ ನಂಬರ್. ಬಂದದ್ದನ್ನು ತಟ್ಟೆಗೆ ಸುರಿದರೆ ಬೇರೆಯೇ ಕಂದು! ಮಂಕು, ಹಸಿರು ಹೊಡೆದ ಹಾಗೆ. ಸಿಟ್ಟು ಬಂತು. "ತಪ್ಪು ಮಾಲು ಕಳಿಸಿದ್ದೀರಿ" ಅಂತ ಮಾರಿದವರಿಗೆ ಉದ್ದದ ದೂರು ಬರೆದೆ, ಫೋಟೋ ಸಮೇತ. ಮಾರನೇ ದಿನ ಅವರಿಂದ ಒಂದೇ ಸಾಲಿನ ಉತ್ತರ: ಎರಡನ್ನೂ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿ.

ಇಟ್ಟೆ. ಒಂದೇ ಕಂದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆಗಿದ್ದೇನೆಂದರೆ, ಮೊದಲ ಟ್ಯೂಬನ್ನು ನೀಲಿ ಮಣಿಗಳ ಪಕ್ಕ ನೋಡಿದ್ದೆ. ನೀಲಿ ಪಕ್ಕ ಕಂದು ಕೇಸರಿ ಕಡೆ ವಾಲುತ್ತದೆ. ಎರಡನೆಯದನ್ನು ಸುರಿದ ತಟ್ಟೆಗೆ ಹಿಂದಿನ ದಿನವಷ್ಟೇ ಕೆಂಪು ಬಟ್ಟೆ ಹಾಸಿದ್ದೆ. ಕೆಂಪಿನ ಮೇಲೆ ಅದೇ ಕಂದು ಹಸಿರು ಹೊಡೆಯಿತು. ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆದೆ.

ಸಮಾಧಾನಕ್ಕೆ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತು. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರೊಲ್ ಎಂಬ ರಸಾಯನ ಶಾಸ್ತ್ರಜ್ಞನಿಗೂ ಇಂಥದ್ದೇ ದೂರು ಬಂದಿತ್ತು. ನೀಲಿ, ನೇರಳೆ ಜೊತೆ ನೇಯ್ದ ಕಪ್ಪು ನೂಲು ಸಪ್ಪೆ ಕಾಣುತ್ತದೆ, ಕಪ್ಪು ಸರಿಯಾಗಿ ಹಾಕಿಲ್ಲ ಅಂತ. ಅವನು ಪರೀಕ್ಷೆ ಮಾಡಿದ. ಕಪ್ಪು ಸರಿಯಾಗೇ ಇತ್ತು, ಕಿತಾಪತಿ ಪಕ್ಕದ ಬಣ್ಣದ್ದು. ಅದನ್ನೇ ಹಿಡಿದು 1839ರಲ್ಲಿ ದಪ್ಪ ಪುಸ್ತಕ ಬರೆದ. ನಾನು ಬರೀ ಕ್ಷಮಾಪಣೆ ಪತ್ರ ಬರೆದೆ, ಅಷ್ಟೇ ವ್ಯತ್ಯಾಸ. ಮಣಿ ಸುರಿಯುವ ಬಟ್ಟೆ ಬೂದು ಇರಲಿ, ಇಲ್ಲ ಮಾಸಲು ಬಿಳಿ ಇರಲಿ. ಚಂದ ಕಾಣುತ್ತದೆ ಅಂತ ಕೆಂಪು ಹಾಸಬೇಡಿ.

ಹಾಗಂತ ಲಾಟ್ ವ್ಯತ್ಯಾಸ ಸುಳ್ಳಲ್ಲ. ಒಂದೇ ನಂಬರಿನ ಮಣಿ ಬೇರೆ ಬೇರೆ ಸಲ ತಯಾರಾದಾಗ ಶೇಡ್ ಸ್ವಲ್ಪ ಹೆಚ್ಚುಕಡಿಮೆ ಆಗುವುದುಂಟು. ಟ್ಯೂಬಿನ ಚೀಟಿ ಎಸೆಯಬೇಡಿ. ಶುರುವಿನಲ್ಲಿ ಎರಡು ಟ್ಯೂಬನ್ನು ಡಬ್ಬಿಗೆ ಸುರಿದು ಚೀಟಿ ಬಿಸಾಡಿದ್ದೆ, ಅವು ಯಾವ ನಂಬರ್ ಅನ್ನುವುದು ಇಂದಿಗೂ ದೇವರಿಗೇ ಗೊತ್ತು. ಈಗ ಒಂದು ದಪ್ಪ ಹಾಳೆಯ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ಮಣಿಗೆ ಒಂದು ಪುಟ. ಹತ್ತು ಮಣಿ ಹೊಲಿದು, ಪಕ್ಕದಲ್ಲಿ ನಂಬರ್, ಲಾಟ್, ಫಿನಿಶ್, ತರಿಸಿದ ತಾರೀಕು. ಪಾಸ್‌ಬುಕ್ ಥರ.

ಅದೇ ವಾರ ಪೋಣಿಸಲು ಕೂತೆ. ಸಂಜೆ ಹೊತ್ತು, ಹಳದಿ ಬಲ್ಬಿನ ಕೆಳಗೆ. ಎರಡು ಎಳೆ ಮುಗಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಿಳಿ ಮಣಿಗಳಲ್ಲಿ ಎರಡು ಜಾತಿ. ಒಂದು ದಂತದ ಹಾಗೆ, ಇನ್ನೊಂದು ಟ್ಯೂಬ್‌ಲೈಟಿನ ಹಾಗೆ. ರಾತ್ರಿ ಎರಡೂ ಒಂದೇ ಕಂಡಿದ್ದವು, ಬೇರೆ ಬೇರೆ ಟ್ಯೂಬಿಂದ ತೆಗೆದು ಹಾಕಿದ್ದೆ. ಒಂದು ಬೆಳಕಲ್ಲಿ ಒಂದಾಗಿ ಕಂಡು ಇನ್ನೊಂದರಲ್ಲಿ ಬೇರೆಯಾಗುವುದಕ್ಕೆ ಮೆಟಮೆರಿಸಂ ಅನ್ನುತ್ತಾರಂತೆ. ಹೆಸರು ಗೊತ್ತಾದರೇನು, 660 ಮಣಿ ಬಿಚ್ಚಲೇಬೇಕಾಯಿತು. ಆವತ್ತು ಬಿಟ್ಟುಬಿಡೋಣ ಅನಿಸಿದ್ದು ನಿಜ. ಅಂದಿನಿಂದ ಬಣ್ಣ ಆರಿಸುವುದು ಹಗಲಲ್ಲಿ, ಕಿಟಕಿ ಪಕ್ಕ. ಪೋಣಿಸುವುದು ಯಾವಾಗ ಬೇಕಾದರೂ. ಹಗಲು ಬಿಡುವಿಲ್ಲದವರು 5000ದಿಂದ 6500 ಕೆಲ್ವಿನ್ ಅಂತ ಬರೆದಿರುವ ಬಲ್ಬ್ ಹಾಕಿಕೊಳ್ಳಿ, ಹಗಲಿನ ಬೆಳಕಿಗೆ ಹತ್ತಿರ.

ಬಿಚ್ಚಿದ್ದೂ ಒಳ್ಳೆಯದೇ ಆಯಿತು. ಬಿಚ್ಚುವ ಮುಂಚೆ ಆ ಎರಡು ಎಳೆಯ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದ್ದೆ. ಕಂದು ಎಲ್ಲಿ, ನೀಲಿ ಎಲ್ಲಿ ಅಂತಲೇ ತಿಳಿಯಲಿಲ್ಲ. ಎರಡೂ ಒಂದೇ ಬೂದು. ನಾಲ್ಕು ಹೆಜ್ಜೆ ಹಿಂದೆ ನಿಂತರೆ ಸರ ಒಂದು ಮುದ್ದೆಯಾಗಿ ಕಾಣುತ್ತಿದ್ದದ್ದು ಅದಕ್ಕೇ. ಜಗಳವಾಡಿ ತರಿಸಿಕೊಂಡ ಆ ಕಂದನ್ನೇ ಬಿಟ್ಟು, ಎರಡು ಮೆಟ್ಟಿಲು ಕಪ್ಪಾದ ಕಂದು ತರಿಸಿದೆ. ಕಪ್ಪುಬಿಳುಪಿನಲ್ಲಿ ಈಗ ಮೂರು ಅಂತಸ್ತು: ಕಪ್ಪಗೆ ಕಂದು, ನಡುವೆ ನೀಲಿ, ಬೆಳ್ಳಗೆ ಬಿಳಿ. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಸಾಕು. ಮೊದಲ ವಾರವೇ ಯಾರಾದರೂ ಹೇಳಿದ್ದರೆ ಎರಡು ಟ್ಯೂಬ್ ಉಳಿಯುತ್ತಿತ್ತು.

ಇನ್ನು ಕೆಂಪಿನ ಕಥೆ. ನಾನು ತಂದದ್ದು ಪಾರದರ್ಶಕ ಗಾಜಿನ ಒಳಗೆ ಬಣ್ಣ ತುಂಬಿದ್ದು, ಕಲರ್ ಲೈನ್ಡ್. ಬಹಳ ಚಂದ. ಇಂಥವು, ಮತ್ತೆ ಮೇಲಿಂದ ಬಣ್ಣ ಹಾಕಿದ ಗುಲಾಬಿ, ನೇರಳೆ ಮಣಿಗಳು, ಬಿಸಿಲಿಗೆ ಮಾಸುವುದುಂಟು ಅಂತ ಕೇಳಿದ್ದೆ. ಆರನೇ ವಾರದಲ್ಲೇ ಒಂದು ಚೂರು ಪೋಣಿಸಿ, ಅರ್ಧಕ್ಕೆ ಕಪ್ಪು ಕಾಗದ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದ್ದೆ. ಮೂರು ವಾರ ಬಿಟ್ಟು ಕಾಗದ ಬಿಚ್ಚಿದೆ. ಮುಚ್ಚಿದ ಅರ್ಧ ಕೆಂಪು, ತೆರೆದ ಅರ್ಧ ಒಣಗಿದ ಗುಲಾಬಿ ಎಸಳು. ಎದೆ ಧಸಕ್ ಅಂತು, ಆದರೆ ಒಳಗೊಳಗೇ ಖುಷಿಯೂ ಆಯಿತು. ಗೆಳತಿಯ ಕೊರಳಲ್ಲಿ ಮಾಸುವುದು ನನ್ನ ಕಿಟಕಿಯಲ್ಲೇ ಮಾಸಿತು, ಅಲ್ವಾ? ಗಾಜೇ ಕೆಂಪಾಗಿರುವ ಒಪೇಕ್ ಮಣಿಗೆ ಬದಲಾಯಿಸಿದೆ. ಈ ಪರೀಕ್ಷೆಗೆ ಬೇರೆ ದಾರಿಯಿಲ್ಲ, ಕಾಯಬೇಕು. ಮಣಿ ಕೈಗೆ ಬಂದ ದಿನವೇ ಅಂಟಿಸಿಬಿಡಿ.

ಜೋಡಣೆಯಲ್ಲಿ ಒಂದೇ ಒಂದು ಎಡವಟ್ಟು. ಐವತ್ತು ಕೆಂಪನ್ನು ಐದೂ ಎಳೆಗೆ ಸಮನಾಗಿ ಚದುರಿಸಿದೆ. ಕೆಂಪು ಮಾಯವಾಗಿ ಕಂದೆಲ್ಲ ಕೆಂಪಗಾಯಿತು. ಬಣ್ಣ ಸಣ್ಣ ಸಣ್ಣ ಚುಕ್ಕಿಯಾಗಿ ಹರಡಿದರೆ ಪಕ್ಕದ್ದಕ್ಕೆ ಎದುರಾಗಿ ನಿಲ್ಲುವ ಬದಲು ಅದರೊಳಗೇ ಕರಗುತ್ತದೆ. ಹಕ್ಕಿ ಹಾಗೆ ಚದುರಿಸಿರಲಿಲ್ಲವಲ್ಲ, ಕೊಕ್ಕು ಒಂದೇ ಕಡೆ ಇತ್ತು. ಕೆಂಪನ್ನೆಲ್ಲ ಎಡಗಡೆ ಒಂದು ಕಡೆ ಸೇರಿಸಿ, ಪಕ್ಕದಲ್ಲಿ ಬಿಳಿ ಇಟ್ಟೆ. ನೀಲಿಯನ್ನು ಬಲಗಡೆ ಕೆಳಗೆ ಒತ್ತಾಗಿ ಕೂರಿಸಿದೆ. ಕೊಂಡಿಗೆ ಬೆಳ್ಳಿ ಹಾಕಿ ನೋಡಿದೆ, ಬೇರೆ ಮನೆಯದ್ದು ಅನಿಸಿತು. ಹಳೆ ಹಿತ್ತಾಳೆ ಬಣ್ಣದ್ದು ಹೊಂದಿಕೊಂಡಿತು.

ಒಟ್ಟು ಹದಿನಾಲ್ಕು ಟ್ಯೂಬ್ ತರಿಸಿದ್ದೆ. ಸರದೊಳಗೆ ಹೋಗಿದ್ದು ಐದು: ಕಂದು, ಎರಡು ನೀಲಿ, ಬಿಳಿ, ಕೆಂಪು. ಉಳಿದ ಒಂಬತ್ತು ಡ್ರಾಯರಿನಲ್ಲಿ ನನ್ನನ್ನೇ ನೋಡುತ್ತಾ ಕೂತಿವೆ.

ಇವತ್ತು ಮಧ್ಯಾಹ್ನ ಗೆಳತಿ ಬಂದಳು. ಬೂದು ಬಟ್ಟೆ ಹಾಕಿದ್ದಳು. ಅವಳು ಹಾಕುವುದೆಲ್ಲ ಬೂದು, ಕಪ್ಪು, ಬಿಳಿಯೇ ಅಂತ ಒಂಬತ್ತನೇ ವಾರದಲ್ಲಿ ತಿಳಿದಾಗ ಬದುಕಿದೆ ಅಂದುಕೊಂಡಿದ್ದೆ. ಸರ ಕೊರಳಿಗೆ ಹಾಕಿಕೊಂಡು ಕನ್ನಡಿ ಮುಂದೆ ಆ ಕಡೆ ಈ ಕಡೆ ತಿರುಗಿದಳು. ಮಿಂಚುಳ್ಳಿ ಅಂತ ನಾನು ಹೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. "ಒದ್ದೆ ಮಣ್ಣಿನ ಮೇಲೆ ಆಕಾಶ ಬಿದ್ದ ಹಾಗಿದೆ," ಅಂದಳು. ಬಿಚ್ಚಿ ಡಬ್ಬಿಗೆ ಹಾಕುವಾಗ ಮತ್ತೆ ಕೇಳಿದಳು, "ನನ್ನ ತಂಗಿಗೂ ಇಂಥದ್ದೇ ಒಂದು ಆಗುತ್ತಾ? ಇದೇ ಬಣ್ಣ."

ನೋಟ್‌ಬುಕ್ ತೆರೆದು ನೋಡಿದೆ. ಕಂದಿನ ಪುಟದಲ್ಲಿ ಲಾಟ್ ನಂಬರ್ ಇದೆ. ಅದೇ ಲಾಟ್ ಇನ್ನೂ ಇದೆಯಾ ಅಂತ ಮಾರಿದವರಿಗೆ ಬರೆಯಬೇಕು. ಈ ಸಲ ಸ್ವಲ್ಪ ಮರ್ಯಾದೆಯಿಂದ.